ನಡು ಹುಡುಕುವ ನಮ್ಮತ್ತೆ

ನಮ್ಮ ಅತ್ತೆಗೆ ಈ ಪ್ರಪಂಚದಲ್ಲಿ ಇರುವುದು ಒಬ್ಬನೇ ಶತ್ರು. ಅವನ ಹೆಸರು ಸರಾಸರಿ. ಬೇರೆ ಮನೆಗಳಲ್ಲಿ ಹೆಂಗಸರು ನಾದಿನಿಯ ಮೇಲೋ, ಬೇಲಿ ಒತ್ತಿದ ಪಕ್ಕದ ತೋಟದವನ ಮೇಲೋ ಹಲ್ಲು ಕಡಿಯುತ್ತಾರೆ. ನಮ್ಮತ್ತೆ ಕೂಡಿಸಿ ಭಾಗಿಸುವ ಲೆಕ್ಕದ ಮೇಲೆ ಹಲ್ಲು ಕಡಿಯುತ್ತಾರೆ. ನಾದಿನಿಯಾದರೆ ಹಬ್ಬಕ್ಕೊಮ್ಮೆ ಬರುತ್ತಾಳೆ, ಹೋಗುತ್ತಾಳೆ. ಸರಾಸರಿ ಹಾಗಲ್ಲ, ದಿನಾ ಬೆಳಿಗ್ಗೆ ಪೇಪರಿನಲ್ಲೇ ಮನೆಗೆ ಬಂದು ಬೀಳುತ್ತದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮೂಲ ಶನಿವಾರಸಂತೆ ಕಡೆಯವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದ ಗಂಡುಗಳೆಲ್ಲ ಸುಮಾರಾಗಿದ್ರು" ಎನ್ನುತ್ತಾರೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಲೆ ಕೊಡಗಿನ ಅಮ್ಮತ್ತಿಗೆ ಬಂದು ನಮ್ಮ ಜೊತೆ ನೆಲೆಸಿದರು. ಅಲ್ಲಿ ನನಗೊಂದು ಝೆರಾಕ್ಸ್ ಅಂಗಡಿ ಇದೆ. ಮದುವೆ ಪತ್ರಿಕೆ, ಸರ್ಟಿಫಿಕೇಟು, ಆನೆ ಬಂದಿದೆ ಎಚ್ಚರಿಕೆ ಎನ್ನುವ ಬೋರ್ಡು, ಎಲ್ಲ ಮಾಡಿಕೊಡುತ್ತೇನೆ.

ಅತ್ತೆಯ ಪ್ರಕಾರ ಸುದ್ದಿಯನ್ನು ತೂಗಬಹುದು. ಈರುಳ್ಳಿ ತೂಗಿದ ಹಾಗೆ. ಅದಕ್ಕೆಂದೇ ಮಾಹಿತಿ ಸಿದ್ಧಾಂತ ಎಂಬ ಶಾಸ್ತ್ರವೊಂದು ಇದೆಯಂತೆ. ಅದರ ಸಾರ ಇಷ್ಟು: ಕೇಳಿದವರಿಗೆ ಎಷ್ಟು ಆಶ್ಚರ್ಯವಾಯಿತೋ ಸುದ್ದಿಯ ತೂಕ ಅಷ್ಟು. ಆಶ್ಚರ್ಯವೇ ಆಗದಿದ್ದರೆ ಅದು ಸುದ್ದಿಯಲ್ಲ, ಬರೀ ಸದ್ದು. ಶಾಸ್ತ್ರ ಪುಸ್ತಕದಲ್ಲಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅತ್ತೆ ಅದನ್ನು ಮನೆಯ ಫೋನಿಗೆ ಜಾರಿ ಮಾಡಿದರು. ಜುಲೈ ತಿಂಗಳಲ್ಲಿ ಊರಿಂದ ಚಿಕ್ಕಪ್ಪ ಫೋನ್ ಮಾಡಿ, "ಅಕ್ಕಾ, ಇಲ್ಲಿ ವಿಪರೀತ ಮಳೆ ಕಣೇ" ಅಂದರು. ಅತ್ತೆ, "ಜುಲೈನಲ್ಲಿ ಮಳೆ ಅನ್ನೋಕೆ ಫೋನ್ ಯಾಕೋ? ನಿಂತ ದಿನ ಮಾಡು" ಎಂದು ಇಟ್ಟೇಬಿಟ್ಟರು. ಆ ವರ್ಷ ಮಳೆ ಸೆಪ್ಟೆಂಬರಿನವರೆಗೂ ನಿಲ್ಲಲಿಲ್ಲ. ಚಿಕ್ಕಪ್ಪನ ಫೋನೂ ಬರಲಿಲ್ಲ.

ಸರಾಸರಿಯ ಮೇಲಿನ ದ್ವೇಷಕ್ಕೂ ಈ ಶಾಸ್ತ್ರವೇ ಮೂಲ. ಅದು ನನಗೆ ಅರ್ಥವಾದದ್ದು ಬಸ್ ಸ್ಟ್ಯಾಂಡಿನಲ್ಲಿ. ವಿರಾಜಪೇಟೆಗೆ ಹೋಗುವ ಒಂದು ಖಾಸಗಿ ಬಸ್ಸು ಕೆಲವು ದಿನ ಎಂಟಕ್ಕೆ ಬರುತ್ತಿತ್ತು, ಕೆಲವು ದಿನ ಒಂಬತ್ತಕ್ಕೆ. ಯಾವ ಡ್ರೈವರ್ ಅನ್ನುವುದರ ಮೇಲೆ ಹೋಗುತ್ತಿತ್ತು. ಅತ್ತೆ ಏಜೆಂಟನ್ನು ಕೇಳಿದರು. ಅವನು ಪಾಪ, ವಿನಯವಾಗಿಯೇ ಹೇಳಿದ.

"ಸುಮಾರು ಎಂಟೂವರೆ ಅಂತ ಇಟ್ಕೊಳ್ಳಿ ಮೇಡಂ."

"ಎಂಟೂವರೆಗೆ ಯಾವತ್ತಾದ್ರೂ ಬಂದಿದ್ಯಾ?"

"ಎಂಟೂವರೆಗೆ ಬರಲ್ಲ ಮೇಡಂ. ಒಂದೋ ಎಂಟು, ಇಲ್ಲಾಂದ್ರೆ ಒಂಬತ್ತು."

"ಯಾವತ್ತೂ ಬರದ ಹೊತ್ತನ್ನ ಬಸ್ಸಿನ ಹೊತ್ತು ಅಂತ ಹೇಳ್ತೀಯಲ್ಲಪ್ಪ. ನಿನ್ನ ಮಾತು ನಂಬಿ ಎಂಟೂವರೆಗೆ ಬಂದವರಿಗೆ ಎಂಟರ ಬಸ್ಸು ಹೋಗಿರುತ್ತೆ, ಒಂಬತ್ತರದ್ದು ಬಂದಿರಲ್ಲ. ಸರಾಸರಿ ಅಂದ್ರೆ ಯಾರೂ ವಾಸ ಮಾಡದ ಮನೆ. ಅಲ್ಲಿಗೆ ಹೋಗಿ ಬಾಗಿಲು ತಟ್ಟು ಅಂತೀಯಾ?"

ಏಜೆಂಟ್ ನನ್ನ ಮುಖ ನೋಡಿದ. ನಾನು ಎದುರಿನ ಔಷಧಿ ಅಂಗಡಿಯ ಬೋರ್ಡು ಓದುತ್ತಿದ್ದೆ. ಅಷ್ಟರಲ್ಲಿ ಬಸ್ಸು ಬಂದು ಹೋಯಿತು. ಪಾಠ ಮುಗಿದಿರಲಿಲ್ಲವಾದ್ದರಿಂದ ನಾವು ಹತ್ತಲಿಲ್ಲ.

ಹಾಗಾದರೆ ಒಂದು ರಾಶಿ ಅಂಕಿಗಳಿಗೆ ನಡು ಎಲ್ಲಿ? ಅತ್ತೆಯ ಜೀವಮಾನದ ಹುಡುಕಾಟ ಅದೇ. ನಡು ಎಂದ ಕೂಡಲೇ ಸೊಂಟಕ್ಕೆ ಕೈ ಹಾಕಿಕೊಳ್ಳುವ ಓದುಗರು ದಯವಿಟ್ಟು ಕೈ ತೆಗೆಯಬೇಕು. ಅತ್ತೆಗೆ ಆ ನಡುವಿನ ಬಗ್ಗೆ ಆಸಕ್ತಿಯಿಲ್ಲ. ಅವರದು ಎಲ್ಲಿದೆ ಎಂಬುದೂ ಈಚೆಗೆ ಅಷ್ಟು ಸ್ಪಷ್ಟವಿಲ್ಲ.

ಈ ಹುಡುಕಾಟವನ್ನು ಅವರು ಮನೆಯೊಳಗೇ ಇಟ್ಟುಕೊಂಡಿದ್ದರೆ ನಾವು ಸುಖವಾಗಿರುತ್ತಿದ್ದೆವು. ಆದರೆ ಪಕ್ಕದ ಮನೆಯ ಲೀಲಕ್ಕ ಬಂದು ಕೆಡಿಸಿದರು. ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಮನೆಯಲ್ಲೇ ಮಾಡಿದ ವೈನಿನ ಸ್ಪರ್ಧೆ ನಡೆಯುತ್ತದೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೆಂಗಸರು ಭರಣಿಗೆ ಹಾಕಿ ವೈನ್ ಮಾಡುತ್ತಾರೆ. ಲೀಲಕ್ಕನ ಕೈಗುಣ ಊರಿಗೇ ಗೊತ್ತು. ಆದರೂ ಪ್ರತಿವರ್ಷ ಅವರಿಗೆ ಎರಡನೇ ಬಹುಮಾನ. ಸರ್ಟಿಫಿಕೇಟು ಅಚ್ಚು ಹಾಕುವವನು ನಾನೇ ಆದ್ದರಿಂದ ಲೀಲಕ್ಕನ ಹೆಸರು ಕಂಪ್ಯೂಟರಿನಲ್ಲಿ ಹಾಗೇ ಇರುತ್ತದೆ, ವರ್ಷ ಮಾತ್ರ ಬದಲಾಯಿಸುತ್ತೇನೆ. ಹಿಂದಿನ ಸಲ ನಿವೃತ್ತ ಹೆಡ್‌ಮಿಸ್ಟ್ರೆಸ್ ಟೀಚರಮ್ಮ ಲೀಲಕ್ಕನ ಶುಂಠಿ ವೈನಿಗೆ ಏಳು ಕೊಟ್ಟಿದ್ದರು. ರೆಸಾರ್ಟಿನ ಶೆಫ್ ಮಾತ್ರ ಗಂಟಲು ಉರಿಯಿತೆಂದು ಎರಡು ಕೊಟ್ಟುಬಿಟ್ಟ. ಸರಾಸರಿ ಹಾಕಿದಾಗ ಲೀಲಕ್ಕ ಜಾರಿದರು.

"ಒಬ್ಬನ ಗಂಟಲು ಸರಿ ಇಲ್ಲಾಂತ ನಾನು ಸೋಲೋದು ಎಂತ ನ್ಯಾಯ ಮೇಡಂ?" ಎಂದು ಲೀಲಕ್ಕ ಒಂದು ಹಿಡಿ ಕರಿಬೇವಿನ ಜೊತೆ ದೂರು ತಂದರು. "ಈ ಸಲ ನೀವು ಬಂದು ಲೆಕ್ಕ ಹಾಕಿ. ಇಲ್ಲಾಂದ್ರೆ ನಾನು ಇನ್ನು ಭರಣಿ ಮುಟ್ಟೋದಿಲ್ಲ."

ಇಲ್ಲೊಂದು ತೊಡಕಿತ್ತು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ವೈನಿನ ಭರಣಿ ಇರುವ ಕೋಣೆಗೆ ಹೋಗಿ ಬಂದರೆ ತಲೆಗೆ ಸ್ನಾನ ಮಾಡುವ ಅತ್ತೆ ಅದರ ತೀರ್ಪಿನ ಹತ್ತಿರ ಕೂರುವುದುಂಟೆ? ಆದರೆ ಸರಾಸರಿಯಿಂದ ಅನ್ಯಾಯವಾಗಿದೆ ಎಂದು ಕೇಳಿದ ಮೇಲೆ ಅವರು ತಡೆಯಲಾರರು. ಬೇಟೆನಾಯಿಗೆ ಹಂದಿಯ ಹೆಜ್ಜೆ ತೋರಿಸಿದಂತಾಯಿತು.

ಸಮಿತಿಯ ಸಭೆಯಲ್ಲಿ ಅತ್ತೆ ಎದ್ದು ನಿಂತು ತಮ್ಮ ಕ್ರಮವನ್ನು ವಿವರಿಸಿದರು. ಅಧ್ಯಕ್ಷೆ ಕೊಡವ ತಕ್ಕ್ ಭಾಷೆಯಲ್ಲಿ ಪಕ್ಕದವರಿಗೆ ಏನೋ ಹೇಳಿದರು, ಪಕ್ಕದವರು ಮಲಯಾಳದಲ್ಲಿ ನಕ್ಕರು, ಅತ್ತೆ ಕನ್ನಡದಲ್ಲಿ ಮುಂದುವರಿಸಿದರು.

"ಅಂಕ ಅನ್ನೋದು ಸುದ್ದಿ. ಒಂದು ವೈನಿಗೆ ಇಷ್ಟು ಬರಬಹುದು ಅಂತ ನಾನೊಂದು ಸಂಖ್ಯೆ ಊಹಿಸಿ ಇಟ್ಕೊಳ್ತೀನಿ. ಆಮೇಲೆ ತೀರ್ಪುಗಾರರು ಒಬ್ಬೊಬ್ಬರೇ ತಮ್ಮ ಅಂಕ ಹೇಳ್ತಾರೆ. ಒಂದೊಂದು ಸಲಕ್ಕೂ ನಾನು ಎಷ್ಟು ಬೆಚ್ಚಿಬೀಳ್ತೀನಿ? ಯಾವ ಊಹೆ ಇಟ್ಕೊಂಡ್ರೆ ಒಟ್ಟು ಬೆಚ್ಚೋದು ಅತಿ ಕಡಿಮೆಯೋ, ಅದೇ ಆ ವೈನಿನ ನಡು."

"ಬೆಚ್ಚಿಬೀಳೋದಕ್ಕೆ ಹಾರ್ಟ್ ಗಟ್ಟಿ ಬೇಕಲ್ಲ ಮೇಡಂ, ಈ ವಯಸ್ಸಲ್ಲಿ?" ಅಂದರು ಅಧ್ಯಕ್ಷೆ.

"ನಾನು ಕಾಗದದ ಮೇಲೆ ಬೆಚ್ಚೋದು. ಇನ್ನೊಂದು ವಿಷಯ. ಎಲ್ಲರ ಮಾತಿಗೂ ಒಂದೇ ತೂಕ ಇಲ್ಲ. ಲೀಲಾ ಹೇಳೋ ಪ್ರಕಾರ ಶೆಫ್ ಒಂದರಿಂದ ಹತ್ತರ ತನಕ ಕುಣೀತಾರೆ. ಅವರು ಹತ್ತು ಅಂದ್ರೆ ನಾನು ಬೆಚ್ಚಲ್ಲ. ಟೀಚರಮ್ಮ ಐದು, ಆರು, ಏಳು ಬಿಟ್ಟು ಕದಲೋರಲ್ಲ. ಅವರು ಒಂದಂಕ ಜಾಸ್ತಿ ಕೊಟ್ರೂ ಅದು ದೊಡ್ಡ ಸುದ್ದಿ. ಇನ್ನು ಯಾರಾದ್ರೂ ಎಲ್ಲರಿಗೂ ಒಂದೇ ಅಂಕ ಕೊಟ್ರು ಅಂತ ಇಟ್ಕೊಳ್ಳಿ. ಅವರು ಬಾಯೇ ತೆರೆದಿಲ್ಲ ಅಂತ ಅರ್ಥ. ಅಂಥವರ ಹೆಸರನ್ನ ಎಲ್ಲರೆದುರಿಗೇ ಬೋರ್ಡಿಂದ ಅಳಿಸ್ತೀನಿ."

ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ. ಆದರೆ ಕುಡಿಯದವರು ಲೆಕ್ಕ ಹಾಕಿದರೆ ಜಗಳ ಕಡಿಮೆ ಎಂದು ಎಲ್ಲರೂ ಒಪ್ಪಿದರು.

ಸ್ಪರ್ಧೆಯ ದಿನ ಅತ್ತೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕರಿಹಲಗೆಯ ಪಕ್ಕ ಕುಳಿತರು. ದರೋಡೆಗೆ ಬಂದವರ ಹಾಗೆ ಕಾಣುತ್ತಿದ್ದರು. ತೀರ್ಪುಗಾರರು ಮೂವರು: ಟೀಚರಮ್ಮ, ಶೆಫ್, ಮತ್ತು ಪೊನ್ನಪ್ಪನವರು. ಪೊನ್ನಪ್ಪನವರ ಬಗ್ಗೆ ಸ್ವಲ್ಪ ಹೇಳಬೇಕು. ಜೀವನವೆಲ್ಲ ಕಾಫಿಯ ರುಚಿ ನೋಡುವ ಕೆಲಸ ಮಾಡಿದವರು. ಬಟ್ಟಲನ್ನು ಮೂಗಿನ ಹತ್ತಿರ ತಂದರೆ ಸಾಕು, ಅದು ಶ್ರೀಮಂಗಲದ ಕಾಫಿಯೋ ತಿತಿಮತಿಯದ್ದೋ, ಒಣಗಿಸುವಾಗ ಮಳೆಗೆ ಸಿಕ್ಕಿತ್ತೋ ಇಲ್ಲವೋ ಹೇಳುತ್ತಿದ್ದರು ಎಂದು ಊರಲ್ಲಿ ಮಾತು. ಈಗ ಸ್ವಂತ ತೋಟ ನೋಡಿಕೊಂಡಿದ್ದಾರೆ. ಮೆಲು ಮಾತಿನ ಮನುಷ್ಯ. ಸ್ಪರ್ಧೆ ಶುರುವಾದ ವರ್ಷದಿಂದಲೂ ಅವರೇ ಮುಖ್ಯ ತೀರ್ಪುಗಾರರು.

ಗ್ಲಾಸುಗಳು ಬಂದವು. ತೀರ್ಪುಗಾರರು ಅಂಕ ಹೇಳಿದರು, ಅತ್ತೆ ಹಲಗೆಯ ಮೇಲೆ ಬರೆದರು. ಟೀಚರಮ್ಮ ಐದು, ಆರು, ಐದು. ಶೆಫ್ ಹತ್ತು, ಎರಡು, ಹತ್ತು. ಪೊನ್ನಪ್ಪನವರು ಏಳು, ಏಳು, ಏಳು. ಲೀಲಕ್ಕನ ನೆಲ್ಲಿಕಾಯಿ ವೈನಿಗೆ ಟೀಚರಮ್ಮ ಆರು, ಶೆಫ್ ಹತ್ತು, ಪೊನ್ನಪ್ಪನವರು ಏಳು. ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ನರ್ಸ್ ಪ್ಯಾಶನ್ ಫ್ರೂಟಿನ ವೈನ್ ತಂದಿದ್ದಳು. ಟೀಚರಮ್ಮ ಅದನ್ನು ಕುಡಿದು, ಕನ್ನಡಕ ತೆಗೆದು ಒರೆಸಿ, ಎಂಟು ಅಂದರು. ಅವರ ಹಳೆಯ ವಿದ್ಯಾರ್ಥಿಗಳೆಲ್ಲ ತಿರುಗಿ ನೋಡಿದರು. ಶೆಫ್ ಅದಕ್ಕೆ ಏಳು ಕೊಟ್ಟ. ಪೊನ್ನಪ್ಪನವರೂ ಏಳು.

ಅಷ್ಟರಲ್ಲಿ ಒಂದು ಗ್ಲಾಸು ಬಂತು. ಅದರಲ್ಲಿದ್ದ ವೈನನ್ನು ಯಾರೋ ಹಿಂದೆ ಸೀಮೆಎಣ್ಣೆ ಇಟ್ಟಿದ್ದ ಬಾಟಲಿಯಲ್ಲಿ ತುಂಬಿಸಿ ತಂದಿದ್ದರು. ಟೀಚರಮ್ಮ ಮೂಗಿನ ಹತ್ತಿರ ತಂದವರೇ ದೂರ ಇಟ್ಟರು. ಶೆಫ್ ಎದ್ದು ಕಿಟಕಿಯ ಹತ್ತಿರ ಹೋದ. ಮೂರನೇ ಸಾಲಿನಲ್ಲಿ ಕುಳಿತ ನನಗೂ ವಾಸನೆ ಹೊಡೆಯಿತು. ಪೊನ್ನಪ್ಪನವರು ಮಾತ್ರ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರು, ಎಂದಿನಂತೆ ಸ್ವಲ್ಪ ತಿರುಗಿಸಿದರು, ಒಂದು ಗುಟುಕು ಕುಡಿದರು.

"ಚೆನ್ನಾಗಿದೆ. ಏಳು."

ಹಾಲ್ ನಗುವಿನಿಂದ ತುಂಬಿತು. "ನಮ್ಮ ಪೊನ್ನಪ್ಪ ಅಂಕಲ್ ಯಾರ ಮನಸ್ಸೂ ನೋಯಿಸೋದಿಲ್ಲ" ಎಂದು ಯಾರೋ ಚಪ್ಪಾಳೆ ತಟ್ಟಿದರು. ಪೊನ್ನಪ್ಪನವರೂ ನಕ್ಕರು. ಆದರೆ ನಗುವ ಮೊದಲು ಅವರು ಕಿಟಕಿಯ ಹತ್ತಿರ ನಿಂತಿದ್ದ ಶೆಫ್‌ನನ್ನು ಒಂದು ಕ್ಷಣ ನೋಡಿದರು, ಅವನು ಅಲ್ಲಿಗೆ ಯಾಕೆ ಹೋದ ಎಂಬಂತೆ. ಅತ್ತೆ ನನ್ನನ್ನು ಕರೆದು, "ಅವರಿಗೆ ಬೇಗ ನೀರು ಕೊಡು. ಅದನ್ನ ಮತ್ತೆ ಕುಡಿಯೋಕೆ ಬಿಡಬೇಡ" ಎಂದು ಕರವಸ್ತ್ರದೊಳಗಿಂದಲೇ ಹೇಳಿದರು.

ಎಲ್ಲ ಮುಗಿದ ಮೇಲೆ ಅಧ್ಯಕ್ಷೆ ಹಲಗೆಯ ಮುಂದೆ ನಿಂತು ನೋಡಿದರು. ಪೊನ್ನಪ್ಪನವರ ಹೆಸರಿನ ಕೆಳಗೆ ಏಳುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

"ಮೇಡಂ, ಎಲ್ಲರಿಗೂ ಒಂದೇ ಕೊಟ್ಟವರ ಹೆಸರು ಅಳಿಸ್ತೀನಿ ಅಂದಿದ್ರಲ್ಲ. ಈಗ ಎಂತ ಮಾಡೋದು?"

ಅತ್ತೆಯನ್ನು ನಾನು ಬಲ್ಲೆ. ತಂಗಿಯ ಮದುವೆಯಲ್ಲಿ ಅಯ್ಯನೋರು ಮುಹೂರ್ತ ಸರಿಸುಮಾರು ಇಷ್ಟಕ್ಕೆ ಎಂದಾಗ, ಸರಿಯೋ ಸುಮಾರೋ ಒಂದನ್ನು ಹೇಳಿ ಎಂದು ತಾಳಿ ತಡೆದವರು. ನಿಯಮ ಅವರದೇ. ಸಾಕ್ಷಿ ಹಲಗೆಯ ಮೇಲಿದೆ. ಪೊನ್ನಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

"ಡಸ್ಟರ್ ಕಾಣ್ತಾ ಇಲ್ಲ" ಅಂದರು ಅತ್ತೆ.

ಡಸ್ಟರ್ ಅವರ ಎಡಗೈಯಲ್ಲೇ ಇತ್ತು.

"ಅಲ್ಲದೆ, ಎಲ್ಲರಿಗೂ ಒಂದೇ ಕೊಟ್ರೆ ಯಾರೂ ಮೇಲೆ ಹೋಗಲ್ಲ, ಯಾರೂ ಕೆಳಗೆ ಬರಲ್ಲ. ಇಟ್ರೂ ಅದೇ, ತೆಗೆದ್ರೂ ಅದೇ. ಹಿರಿಯರ ಹೆಸರು ಇರಲಿ ಬಿಡಿ."

ಆಮೇಲೆ ಕಾಗದ ತೆಗೆದು ಬೆಚ್ಚಲು ಕುಳಿತರು. ಅರ್ಧ ಗಂಟೆ ಬೆಚ್ಚಿದ ಮೇಲೆ ಫಲಿತಾಂಶ ಬಂತು. ಮೊದಲನೇ ಬಹುಮಾನ ನರ್ಸಿಗೆ. ಎರಡನೆಯದು ಲೀಲಕ್ಕನಿಗೆ.

ಲೀಲಕ್ಕ ಫೋನಿನ ಕ್ಯಾಲ್ಕುಲೇಟರ್ ತೆಗೆದು ಅಲ್ಲೇ ಕೂಡಿಸಿದರು. "ನಂಗೆ ಇಪ್ಪತ್ತಮೂರು, ಅವಳಿಗೆ ಇಪ್ಪತ್ತೆರಡು. ಸರಾಸರಿ ಹಾಕಿದ್ರೆ ನಾನೇ ಫಸ್ಟ್ ಅಲ್ವಾ ಮೇಡಂ?"

"ಹೌದು" ಎಂದರು ಅತ್ತೆ. "ಸರಾಸರಿ ಹಾಕಿದ್ರೆ ನೀವೇ. ಆದ್ರೆ ಶೆಫ್ ಅರ್ಧ ಊರಿಗೆ ಹತ್ತು ಕೊಟ್ಟಿದ್ದಾರೆ ಲೀಲಾ. ಟೀಚರಮ್ಮ ಎಂಟು ಕೊಟ್ಟಿದ್ದು ಇವತ್ತೊಂದೇ. ಯಾವುದು ಸುದ್ದಿ, ನೀವೇ ಹೇಳಿ."

ಲೀಲಕ್ಕ ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಮ್ಮ ಮನೆಗೆ ಕರಿಬೇವು ಬರುವುದು ಅವತ್ತಿಗೆ ನಿಂತಿತು. ನಡುವೇನೋ ಸಿಕ್ಕಿತು, ಒಗ್ಗರಣೆ ಹೋಯಿತು. ನಾನು ಸರ್ಟಿಫಿಕೇಟಿನಲ್ಲಿ ವರ್ಷ ಬದಲಾಯಿಸಿದೆ.

ಮಾರನೆಯ ದಿನ ಮಧ್ಯಾಹ್ನ ಅತ್ತೆ, "ವ್ಯಾನ್ ತೆಗಿ, ಪೊನ್ನಪ್ಪನವರ ಮನೆಗೆ ಹೋಗಿಬರೋಣ" ಎಂದರು. ನಿನ್ನೆ ಎಲ್ಲರೆದುರು ಬಿಟ್ಟದ್ದನ್ನು ಇವತ್ತು ಮನೆಗೇ ಹೋಗಿ ವಸೂಲು ಮಾಡುತ್ತಾರೆಂದು ನಾನು ತಿಳಿದೆ. ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು. ದಾರಿಯ ಎರಡೂ ಕಡೆ ಕಾಫಿ ಗಿಡಗಳು ಹೂಬಿಟ್ಟು ರೆಂಬೆಗಳೇ ಕಾಣದಷ್ಟು ಬೆಳ್ಳಗಾಗಿದ್ದವು. ವ್ಯಾನಿನ ಗಾಜು ಏರಿಸಿದರೂ ಪರಿಮಳ ಒಳಗೆ ಬರುತ್ತಿತ್ತು.

ಪೊನ್ನಪ್ಪನವರು ಜಗಲಿಯಲ್ಲೇ ಇದ್ದರು. ಹೆಂಡತಿ ಗಂಗಮ್ಮ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು. ನಮ್ಮನ್ನು ಕೂರಿಸಿ, ಒಳಗೆ ಹೋಗಿ ಕಾಫಿಗೆ ಹಾಲಿಟ್ಟು ಬಂದರು. ಕಾಳುಮೆಣಸಿನ ರೇಟು, ಆನೆ ಮುರಿದ ಗೇಟು ಎಂದು ಮಾತು ಸಾಗಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹಾಲು ಸೀದ ವಾಸನೆ ಬಂತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ನಾನು ಅವರ ಮುಖ ನೋಡಿದೆ. ಅವರು ಆನೆಯ ಕಥೆಯನ್ನೇ ಹೇಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಅದುಮಿದರು. "ಸ್ವಲ್ಪ ನೀರು ಕುಡಿದು ಬರ್ತೀನಿ" ಎಂದು ಎದ್ದು ಒಳಗೆ ಹೋದರು. ಒಲೆ ಆರಿಸಿದ್ದೂ ಕಿಟಕಿಯ ಚಿಲಕ ತೆಗೆದದ್ದೂ ನನಗೆ ಕೇಳಿಸಿತು. ಹೊಗೆ ಜಗಲಿಯ ಕಡೆಗೇ ತೇಲಿ ಬಂತು.

ಪೊನ್ನಪ್ಪನವರು ಹೊಗೆಯನ್ನು ಕಣ್ಣಿನಿಂದ ನೋಡಿದರು. ಮಾತು ನಿಲ್ಲಿಸಿದರು.

ಅತ್ತೆ ಬಂದು ಕುಳಿತ ಮೇಲೆ ಅವರೇ ಕೇಳಿದರು. "ಹಾಲು ಹತ್ತಿತ್ತಾ ಮೇಡಂ?"

"ಸ್ವಲ್ಪ ತಳ ಹಿಡಿದಿತ್ತು. ಕಪ್ಪು ಕಾಫಿ ಕುಡಿಯೋಣ ಬಿಡಿ."

"ನಿನ್ನೆ ನಿಮಗೆ ಗೊತ್ತಾಯ್ತು, ಅಲ್ವಾ?"

"ಆಯ್ತು. ಎಷ್ಟು ದಿನ ಆಯ್ತು?"

ಪೊನ್ನಪ್ಪನವರು ಎದುರಿನ ಅಂಗಳ ನೋಡುತ್ತ ಹೇಳಿದರು. ಕೆಲವು ವರ್ಷಗಳ ಹಿಂದೆ ಬಂದ ಒಂದು ಜ್ವರ ವಾಸಿಯಾಯಿತಂತೆ, ಮೂಗನ್ನು ಮಾತ್ರ ಹಿಂದಿರುಗಿಸಲಿಲ್ಲವಂತೆ. ಉಪ್ಪು, ಹುಳಿ, ಸಿಹಿ ನಾಲಗೆಗೆ ಗೊತ್ತಾಗುತ್ತದೆ, ಬೇರೇನೂ ಇಲ್ಲ. "ಇವಳು ಅಡುಗೆ ಮಾಡಿ ಹೇಗಿದೆ ಅಂತ ಕೇಳ್ತಾಳೆ. ಚೆನ್ನಾಗಿದೆ ಅಂತೀನಿ. ಗೊತ್ತಾದ್ರೆ ಕೇಳೋದೇ ಬಿಟ್ಟುಬಿಡ್ತಾಳೆ ಮೇಡಂ. ಕೇಳೋದು ನಂಗೆ ಬೇಕು. ತೀರ್ಪು ಕೊಡೋದಿಲ್ಲ ಅಂದ್ರೆ ಯಾಕೆ ಅಂತ ಊರವರು ಕೇಳ್ತಾರೆ. ಯಾರಿಗೂ ಅನ್ಯಾಯ ಆಗೋದು ಬೇಡ ಅಂತ ಎಲ್ಲರಿಗೂ ಒಂದೇ ಕೊಟ್ಟೆ."

(ಇದನ್ನೆಲ್ಲ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಆ ರಾತ್ರಿಯೇ ಗಂಗಮ್ಮನಿಗೆ ಹೇಳಿದರಂತೆ. ಗಂಗಮ್ಮ ಒಂದು ದಿನ ಅತ್ತರು, ಎರಡನೇ ದಿನದಿಂದ ಉಪ್ಪು ಹುಳಿ ಎರಡನ್ನೇ ಕೇಳುತ್ತಾರೆ, ಆದರೆ ಕೇಳುತ್ತಾರೆ. ಈಗ ಪೊನ್ನಪ್ಪನವರು ಸ್ಪರ್ಧೆಯ ತೀರ್ಪುಗಾರರಲ್ಲ, ಉದ್ಘಾಟಕರು.)

ನಾನು ಅತ್ತೆಯ ಉಪನ್ಯಾಸಕ್ಕೆ ಕಾದೆ. ಅವರು ಒಳಗೆ ಹೋಗಿ ಕಪ್ಪು ಕಾಫಿ ಮಾಡಿ ತಂದರು. ಮೂವರೂ ಕುಡಿದೆವು. ಪೊನ್ನಪ್ಪನವರು ಅಭ್ಯಾಸದಂತೆ ಲೋಟವನ್ನು ಮೂಗಿನ ಹತ್ತಿರ ತಂದು, ನೆನಪಾಗಿ ಕೆಳಗಿಳಿಸಿದರು.

"ಹೊರಗೆ ಹೂ ಬಂದಿದೆ" ಎಂದರು. "ಬೆಳ್ಳಗೆ ಕಾಣ್ತದೆ. ಬೆಳಿಗ್ಗೆ ಎದ್ದು ನೋಡ್ತೀನಿ. ಯಾರೋ ಬಣ್ಣ ಬಳಿದು ಹೋದ ಹಾಗೆ."

ಅತ್ತೆ ಲೋಟ ಕೆಳಗಿಟ್ಟು ಎದ್ದರು. "ಬನ್ನಿ" ಎಂದರು.

ಇಬ್ಬರೂ ಮೆಟ್ಟಿಲಿಳಿದು ಗಿಡಗಳ ಸಾಲಿಗೆ ಹೋದರು. ನಾನು ಸ್ವಲ್ಪ ಹಿಂದೆ ನಿಂತೆ. ಅತ್ತೆ ಒಂದು ರೆಂಬೆಯನ್ನು ಬಗ್ಗಿಸಿ ಹೂವಿನೊಳಗೆ ಮುಖವಿಟ್ಟರು. ಮುಖ ಎತ್ತಿದಾಗ ಕನ್ನಡಕದ ಮೇಲೆ ಹೂವಿನ ಪುಡಿ ಹತ್ತಿತ್ತು. ಮಾತು ಹುಡುಕುವುದಕ್ಕೆ ಅವರಿಗೆ ಅಷ್ಟು ಹೊತ್ತು ಹಿಡಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಮಲ್ಲಿಗೆ ಥರ ಅಂತಾರೆ ಎಲ್ಲರೂ. ಮಲ್ಲಿಗೆ ಅಲ್ಲ" ಎಂದರು. "ಮಲ್ಲಿಗೆ ಎದುರಿಗೆ ಬರುತ್ತೆ. ಇದು ಪಕ್ಕದಲ್ಲಿ ಬರುತ್ತೆ. ಹಸಿಮಣ್ಣು ಇದೆ ಕೆಳಗೆ. ಅದರ ಮೇಲೆ ಸ್ವಲ್ಪ ಜೇನು. ಎಳೇ ಮಗುವಿನ ನೆತ್ತಿ..."

ಅಲ್ಲಿಗೆ ನಿಲ್ಲಿಸಿ ಅವರ ಮುಖ ನೋಡಿದರು. ಪೊನ್ನಪ್ಪನವರು ಕಣ್ಣು ಮುಚ್ಚಿ ನಿಂತಿದ್ದರು.

"ನಿಧಾನವಾಗಿ ಹೇಳಿ ಮೇಡಂ" ಎಂದರು. "ಅವಸರ ಎಂತದೂ ಇಲ್ಲ."